ಬಿಟ್ಟಿ ದಿನದ ಹೂಂ

ನಮ್ಮ ಊರಿನಲ್ಲಿ ಹೊಂಗೆ ತಿಂಗಳ ಮೊದಲ ದಿನ, ಅಂದರೆ ಹೊಸ ವರ್ಷದ ದಿನ, ಹೂವಿನ ಅಂಗಡಿಗಳಿಗೆ ರಜೆ. ಅವತ್ತು ಯಾರೂ ಹೂವು ಕೊಳ್ಳುವುದಿಲ್ಲ. ಯಾರಾದರೂ ಒಂದು ಸುಳ್ಳು ಹೇಳಿ, ಕೇಳಿದವರು ಅದನ್ನು ನಂಬಿಬಿಟ್ಟರೆ ಸಾಕು, ನಂಬಿದವರ ಕಿವಿಯ ಮೇಲೆ ಒಂದು ಹೂವು ಮೂಡುತ್ತದೆ. ಸಣ್ಣಪುಟ್ಟ ಸುಳ್ಳಾದರೆ ತುಂಬೆಯೋ ನಂದಿಬಟ್ಟಲೋ, ಸ್ವಲ್ಪ ಗಟ್ಟಿ ಸುಳ್ಳಾದರೆ ಸೇವಂತಿಗೆ, ದಾಸವಾಳ, ಎದೆಗೇ ನಾಟುವ ಸುಳ್ಳಾದರೆ ಸಂಪಿಗೆ. ಕಿತ್ತರೆ ಬರುವುದಿಲ್ಲ, ಹೊತ್ತು ಮುಳುಗಿದ ಮೇಲೆ ತಾನಾಗಿಯೇ ಉದುರುತ್ತದೆ. ಕನ್ನಡಕ ಹಾಕುವವರಿಗೆ ಅವತ್ತು ಕಷ್ಟ, ಕಡ್ಡಿ ಕಿವಿಯ ಮೇಲೆ ಕೂರುವುದಿಲ್ಲ. ಕ್ಷೌರದಂಗಡಿಯವರು ಬಾಗಿಲೇ ತೆರೆಯುವುದಿಲ್ಲ. ಹೆಣ್ಣು ನೋಡುವುದು, ಜಮೀನಿನ ಮಾತುಕತೆ, ಪಂಚಾಯ್ತಿಯಲ್ಲಿ ಸಾಕ್ಷಿ ಹೇಳುವುದು ಇವು ಯಾವುದನ್ನೂ ಆ ದಿನ ಇಟ್ಟುಕೊಳ್ಳುವುದಿಲ್ಲ, ಏಕೆಂದರೆ ಕಿವಿಹೂ ಹಬ್ಬದ ದಿನ ಆಡಿದ ಮಾತಿಗೆ ಮರುದಿನ ಬೆಲೆಯಿಲ್ಲ ಎಂಬುದು ನಮ್ಮಲ್ಲಿ ಮೊದಲಿನಿಂದ ನಡೆದುಕೊಂಡು ಬಂದದ್ದು. ಸಂಜೆ ಎಲ್ಲರೂ ಕೆರೆಯ ಮೆಟ್ಟಿಲಿಗೆ ಹೋಗಿ, ಉದುರಿದ ಹೂವನ್ನು ನೀರಿಗೆ ಬಿಟ್ಟು, ಮಂಡಕ್ಕಿ ತಿಂದು, ನಗುತ್ತಾ ಮನೆಗೆ ಬರುತ್ತಾರೆ.

ನಾನು ಅಂಬುಜಾಕ್ಷಿ. ಹೂವಿನ ಪೇಟೆಯ ಮೂಲೆ ಅಂಗಡಿ ನನ್ನದು. ಅಪ್ಪ ಹೋದ ಮೇಲೆ ತಮ್ಮಂದಿರನ್ನು ಓದಿಸಿ, ತಂಗಿಯ ಮದುವೆ ಮಾಡಿ, ಸ್ವಲ್ಪ ಉಸಿರು ಬಿಟ್ಟು ಸುತ್ತ ನೋಡುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ಅಂಗಡಿಯ ಮುಂದೆಯೇ ನಡೆದುಹೋಗಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ಅಪ್ಪನ ಅಕ್ಕ ತಾಯಮ್ಮತ್ತೆ, ಇಬ್ಬರೇ. ಈ ಊರಿನಲ್ಲಿ ಎಂದೂ ಹೂವು ಮೂಡದ ಕಿವಿ ಯಾರದಾದರೂ ಇದ್ದರೆ ಅದು ಅಂಬುಜಾಕ್ಷಿಯದು ಎಂದು ಜನ ಹೇಳುತ್ತಿದ್ದರು. ನನಗೂ ಅದೊಂದು ಜಂಬವಿತ್ತು. ವ್ಯಾಪಾರಕ್ಕೆ ಕೂತವಳಿಗೆ ನಂಬುವ ಅಭ್ಯಾಸ ತಪ್ಪಿಹೋಗುತ್ತದೆ. "ಎರಡು ಮೊಳ ತೆಗೆದಿಟ್ಟಿರಿ, ಈಗ ಬಂದೆ" ಎಂದವರು ಬರುವುದಿಲ್ಲ. "ಇದು ಇವತ್ತೇ ಬಿಡಿಸಿದ ಮೊಗ್ಗು" ಎಂದು ತೋಟದವನು ಕೊಟ್ಟದ್ದು ನಿನ್ನೆಯದಾಗಿರುತ್ತದೆ. ಇನ್ನು ಹಬ್ಬದ ದಿನ ನನ್ನ ಬಳಿ ಬಂದು "ನಿಮ್ಮ ತಂಗಿ ಬಸ್ಸಿಳಿದಳು" ಎಂದರೆ ನಾನು ತಲೆ ಎತ್ತಿ ಕೂಡ ನೋಡುತ್ತಿರಲಿಲ್ಲ.

ಓಂಕಾರಪ್ಪ ನನಗೆ ತದ್ವಿರುದ್ಧ. ಆಟೋಗೆ ಮೈಕು ಕಟ್ಟಿಕೊಂಡು ಊರಿಗೆಲ್ಲ ಸುದ್ದಿ ಸಾರುವುದು ಅವರ ಕೆಲಸ. ನಲ್ಲಿ ನೀರು ಬಿಡುವ ಹೊತ್ತು, ಲಸಿಕೆ ಹಾಕುವ ದಿನ, ಕಳೆದುಹೋದ ಎಮ್ಮೆ, ಬಂದ ನಾಟಕ ಕಂಪನಿ ಎಲ್ಲವೂ ಅವರ ಬಾಯಲ್ಲೇ ನಮಗೆ ತಿಳಿಯುತ್ತಿದ್ದದ್ದು. ಪ್ರತಿ ವರ್ಷ ಊರಿನ ಮೊದಲ ಹೂವು ಅವರ ಕಿವಿಯಲ್ಲೇ ಮೂಡಬೇಕು. ಹೊತ್ತೇರುವುದರೊಳಗೆ ಎರಡು ಕಿವಿಯೂ ತುಂಬಿ, ಮಧ್ಯಾಹ್ನಕ್ಕೆ ಮದುವೆ ದಿಬ್ಬಣದ ಕಾರಿನ ಹಾಗೆ ಕಾಣುತ್ತಿದ್ದರು. "ನಿಮ್ಮ ಆಟೋನ ಕೋತಿ ಓಡಿಸ್ಕೊಂಡು ಹೋಯ್ತು ಓಂಕಾರಪ್ಪ" ಎಂದರೂ ಎದ್ದು ಓಡುವವರೇ. ಯಾಕೆ ಹೀಗೆ ಎಂದು ನಾನೇ ಒಂದು ಸಲ ಕೇಳಿದ್ದೆ. "ನಾನು ಹೋಗಿ ನೋಡದೆ, ನಿಜವಾಗ್ಲೂ ಕೋತಿ ತಗೊಂಡ್ಹೋಗಿದ್ರೆ ಏನ್ ಮಾಡ್ಲಿ ಅಂಬುಜಮ್ಮ?" ಎಂದು ಅವರು ಗಂಭೀರವಾಗಿಯೇ ಕೇಳಿದ್ದರು. ನನ್ನ ಅಂಗಡಿಯ ಹತ್ತಿರ ಬಂದಾಗ ಮಾತ್ರ ಆ ಆಟೋ ನಿಧಾನವಾಗುತ್ತಿತ್ತು. ಒಂದೇ ಸುದ್ದಿ ಎರಡೆರಡು ಸಲ ಕೇಳಿಸುತ್ತಿತ್ತು. ಎದುರಿನ ಬಳೆ ಅಂಗಡಿಯವರು ನನ್ನ ಮುಖ ನೋಡಿ ನಕ್ಕರೆ ನಾನು ಕನಕಾಂಬರದ ಬುಟ್ಟಿಯಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿಬಿಡುತ್ತಿದ್ದೆ.

ತರಲೆ ಶುರುವಾದದ್ದು ಪಂಚಾಂಗದಿಂದ. ನಮ್ಮ ಊರಿಗೆ ನಮ್ಮದೇ ಪಂಚಾಂಗ, ತಿಂಗಳುಗಳಿಗೆಲ್ಲ ಗಿಡಮರಗಳ ಹೆಸರು. ಆದರೆ ಹಿಂದಿನವರು ಕಟ್ಟಿಟ್ಟ ವರ್ಷ ಸ್ವಲ್ಪ ಗಿಡ್ಡ. ಅದು ವರ್ಷವರ್ಷವೂ ಚೂರು ಚೂರೇ ಮುಂದಕ್ಕೆ ಸರಿದು, ನಮ್ಮ ಕಾಲಕ್ಕೆ ಮಾವಿನ ತಿಂಗಳು ಚಳಿಯಲ್ಲಿ ಬಂದು ಕೂತಿತ್ತು. ಉಪ್ಪಿನಕಾಯಿ ಹಾಕುವ ದಿನ ಮರದಲ್ಲಿ ಮಿಡಿಯಿರಲಿ, ಹೂವೂ ಇರುತ್ತಿರಲಿಲ್ಲ. ಹೆಂಗಸರು ಶಾಸ್ತ್ರ ಬಿಡಬಾರದೆಂದು ಖಾಲಿ ಭರಣಿಗೆ ಉಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ಮಕ್ಕಳು ಸ್ವೆಟರ್ ಹಾಕಿಕೊಂಡು ಗೋಲಿ ಆಡುತ್ತಿದ್ದವು. ನಾವೆಲ್ಲ ಒಗ್ಗಿಹೋಗಿದ್ದೆವು. ಒಗ್ಗದವರು ಒಬ್ಬರೇ, ಕೋಟೆಬೀದಿಯ ವೆಂಕೋಬರಾಯರು. ನಿವೃತ್ತರಾದ ಹೆಡ್‌ಮಾಸ್ತರು. ಪುರಸಭೆಯವರು ಅವರ ಕಾಟ ತಡೆಯಲಾರದೆ ಒಂದು ಪಂಚಾಂಗ ಸಮಿತಿ ಮಾಡಿ ಅವರನ್ನೇ ಅಧ್ಯಕ್ಷರಾಗಿ ಕೂರಿಸಿದ್ದರು. ರಾಯರು ಉಪಾಯ ಹೇಳಿದರು. ಈ ವರ್ಷ ಮುಗಿದ ಕೂಡಲೇ ಪಂಚಾಂಗವನ್ನು ನಿಲ್ಲಿಸಿಬಿಡುವುದು. ಹಿಂದೆ ಉಳಿದಿರುವ ಋತುಗಳು ನಡೆದು ಬಂದು ನಮ್ಮನ್ನು ಕೂಡಿಕೊಳ್ಳುವ ತನಕ, ಅಂದರೆ ಎರಡು ತಿಂಗಳಿಗೂ ಮಿಕ್ಕಿ, ದಿನಗಳಿಗೆ ಹೆಸರೂ ಇಲ್ಲ, ತಾರೀಖೂ ಇಲ್ಲ. ಹೊಂಗೆ ನಿಜವಾಗಿಯೂ ಹೂ ಬಿಟ್ಟಾಗ ಹೊಂಗೆ ತಿಂಗಳು ಶುರು. ಆ ಹೆಸರಿಲ್ಲದ ದಿನಗಳಿಗೆ ಜನ ಆಗಲೇ ಬಿಟ್ಟಿ ದಿನಗಳೆಂದು ಹೆಸರಿಟ್ಟರು.

ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ಕಿವಿಹೂ ಹಬ್ಬ ಯಾವತ್ತು? ವರ್ಷ ಮುಗಿದ ಮಾರನೇ ದಿನವೋ, ಬಿಟ್ಟಿ ದಿನಗಳೆಲ್ಲ ಕಳೆದ ಮೇಲೋ? ಹೂವು ಯಾವ ದಿನ ಮೂಡುತ್ತದೆ? ಇದನ್ನು ತೀರ್ಮಾನಿಸಲು ಪುರಭವನದಲ್ಲಿ ಸಭೆ ಕರೆದರು. ಆ ಕಟ್ಟಡದಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ರಾಯರು ಎದ್ದು ನಿಂತು, ತರಗತಿಯಲ್ಲಿ ನಿಂತ ಹಾಗೆ ಕೈ ಹಿಂದೆ ಕಟ್ಟಿಕೊಂಡರು. "ಈ ಹಬ್ಬ ಹುಟ್ಟಿದ್ದೇ ಪಂಚಾಂಗದಿಂದ. ಪಾಳೆಯಗಾರರ ಕಾಲದಲ್ಲಿ ಒಮ್ಮೆ ಹೊಸ ವರ್ಷವನ್ನು ಸುಗ್ಗಿಯಿಂದ ತೆಗೆದು ಹೊಂಗೆಗೆ ತಂದರು. ಸುದ್ದಿ ತಿಳಿದವರು ಹೊಸ ಬಟ್ಟೆ ಉಟ್ಟು ಹಬ್ಬ ಮಾಡಿದರು. ತಿಳಿಯದವರು ಎಂದಿನಂತೆ ಗುದ್ದಲಿ ಹೊತ್ತು ಕೆಲಸಕ್ಕೆ ಹೊರಟರು. ಅವರನ್ನು ನೋಡಿ ನಕ್ಕು, ಕಿವಿಗೆ ಹೂವು ಸಿಕ್ಕಿಸಿ ಕಳಿಸಿದರು. ಆದ್ದರಿಂದ ಹೊಸ ವರ್ಷ ಎಲ್ಲಿಗೆ ಹೋಗುತ್ತೋ ಹಬ್ಬವೂ ಅಲ್ಲಿಗೇ ಹೋಗತಕ್ಕದ್ದು."

ಕೋಟೆಬೀದಿಯವರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ತಾಯಮ್ಮತ್ತೆ ಎಲೆ ಅಡಿಕೆಯನ್ನು ದವಡೆಯ ಒಂದು ಪಕ್ಕಕ್ಕೆ ಸರಿಸಿಕೊಂಡು ಎದ್ದರು.

"ಅದು ಕೋಟೆಬೀದಿ ಕಥೆ ಮೇಷ್ಟ್ರೇ. ಹಬ್ಬ ಹುಟ್ಸಿದ್ದು ನಮ್ಮ ತಿಮ್ಮವ್ವ, ನಮ್ಮ ಮುತ್ತಜ್ಜಿಗೆ ಅಜ್ಜಿಯಾಗ್ಬೇಕು. ಸುಂಕದೋನು ದಿನಾ ಬಂದು ಬುಟ್ಟಿ ಹೂವೆಲ್ಲ ಬಾಚ್ಕೊಂಡು ಹೋಗ್ತಿದ್ದ. ಒಂದಿನ ತಿಮ್ಮವ್ವ ಅವನ ಹತ್ರ ಹೋಗಿ, ಬುದ್ಧಿ, ಕಿವಿಗೆ ಹೂವಿಟ್ಕೊಂಡು ಬಂದೋರ್ಗೆ ದೊರೆಗಳು ಇವತ್ತು ಬಡ್ತಿ ಕೊಡ್ತಾರಂತೆ ಅಂದ್ಲು. ಅವನು ಎರಡು ಕಿವಿಗೂ ಸಿಕ್ಕಿಸ್ಕೊಂಡು ಹೋಗಿ ದೊರೆ ಮುಂದೆ ನಿಂತ. ದೊರೆ ಬಿದ್ದು ಬಿದ್ದು ನಕ್ಕು, ಯಾರಪ್ಪ ಇಟ್ಟಿದ್ದು ಅಂತ ಕೇಳಿ, ತಿಮ್ಮವ್ವನ್ನ ಕರೆಸಿ, ಹೂವಿನ ಸುಂಕನೇ ತೆಗೆದುಹಾಕ್ದ. ಅದು ನಡೆದ ದಿನ ಯಾವುದೋ ಅದೇ ಹಬ್ಬ. ಆ ದಿನ ಬರೋದು ಹಿಂದಿನೋರ ಲೆಕ್ಕ ಕೇಳ್ಕೊಂಡು, ನಿಮ್ಮ ಸಮಿತಿನ ಕೇಳ್ಕೊಂಡಲ್ಲ."

"ಇದಕ್ಕೆ ಆಧಾರ ಏನು ತಾಯಮ್ಮನವರೇ?"

"ಆಧಾರ ನಾನೇ, ನಿಮ್ಮ ಎದುರಿಗೇ ನಿಂತಿದೀನಲ್ಲ. ನಿಮ್ಮ ಗುದ್ದಲಿ ಹೊತ್ತೋರು ಎಲ್ಲಿ? ಕರೀರಿ ನೋಡೋಣ."

ಸಭೆ ನಗುವಿನಲ್ಲಿ ಮುಳುಗಿತು. ಕೊನೆಗೆ ಪುರಸಭೆಯವರು ಹಬ್ಬವನ್ನು ಮುಂದಕ್ಕೆ ಹಾಕಿ ಠರಾವು ಮಾಡಿದರು. ನಮ್ಮ ಹೂವಿನ ಪೇಟೆಯವರು ಅಲ್ಲೇ ಹೊರಗೆ ಕಟ್ಟೆಯ ಮೇಲೆ ಸೇರಿ, ಹಳೇ ದಿನವೇ ನಿಜವಾದ ಹಬ್ಬ ಎಂದು ಕೈ ಎತ್ತಿದರು. ನಾನೂ ಎತ್ತಿದೆ. ಅತ್ತೆಯ ಪಕ್ಕದಲ್ಲಿ ಕೂತು ಕೈ ಎತ್ತದೆ ಇರುವ ಧೈರ್ಯ ಯಾರಿಗಿದೆ? ಅಲ್ಲದೆ ಆ ತಿಮ್ಮವ್ವ ನನಗೂ ಇಷ್ಟವೇ.

ವರ್ಷ ಮುಗಿಯಿತು. ಮೊದಲನೇ ಬಿಟ್ಟಿ ದಿನ ಬೆಳಿಗ್ಗೆ ಓಂಕಾರಪ್ಪನವರ ಮೈಕು ಸಾರಿಕೊಂಡು ಬಂತು. "ನಾಗರಿಕರ ಗಮನಕ್ಕೆ. ಇಂದು ಕಿವಿಹೂ ಹಬ್ಬ ಅಲ್ಲ. ಇಂದು ಯಾವ ದಿನವೂ ಅಲ್ಲ. ಎಲ್ಲರೂ ಎಂದಿನಂತೆ ಇರತಕ್ಕದ್ದು." ಎಂದಿನಂತೆ ಇರುವವರು ಯಾರು? ಇವತ್ತು ಹೂವು ಮೂಡುತ್ತದೋ ಇಲ್ಲವೋ ನೋಡಬೇಕೆಂದು ಊರಿಗೆ ಊರೇ ಒಬ್ಬರಿಗೊಬ್ಬರು ಸುಳ್ಳು ಹೇಳಲು ನಿಂತಿತ್ತು. ಎಲ್ಲರೂ ಹೇಳುವವರೇ ಆದ್ದರಿಂದ ನಂಬುವವರು ಯಾರೂ ಇರಲಿಲ್ಲ. ಗಂಡ "ಹಾಲು ಉಕ್ಕಿತು ಕಣೇ" ಎಂದರೆ ಹೆಂಡತಿ ಅಲುಗದೆ ಕೂತು, ಹಾಲು ನಿಜವಾಗಿಯೂ ಉಕ್ಕಿ ಒಲೆ ಆರಿದ ಮನೆಗಳೆಷ್ಟೋ. ಕೊನೆಗೆ ಎಲ್ಲರಿಗೂ ಓಂಕಾರಪ್ಪನ ನೆನಪಾಯಿತು. ಅವರೊಬ್ಬರು ನಂಬಿದರೆ ಸಾಕಲ್ಲ. ಬಸ್ ನಿಲ್ದಾಣದಿಂದ ಕೆರೆಯ ತನಕ ಎಲ್ಲ ತಿರುವಿನಲ್ಲೂ ಅವರನ್ನು ನಿಲ್ಲಿಸಿ, ಕೋತಿ, ಹಾವು, ಲಾಟರಿ, ಸತ್ತ ಮಾವ ಎದ್ದು ಕೂತದ್ದು, ಏನೇನು ಹೇಳಿದರೂ ಅವರು "ಹೂಂ, ಹೂಂ" ಎಂದು ತಲೆಯಾಡಿಸಿ ಮುಂದೆ ಹೋದರಂತೆ. ಕಿವಿ ಖಾಲಿ. ಒಂದು ಮಾತೂ ಅವರ ತಲೆಯೊಳಗೆ ಇಳಿದಿರಲಿಲ್ಲ. ಅವರ ತಲೆಯಲ್ಲಿ ಅವತ್ತು ಬೇರೆಯೇ ಒಂದು ಮಾತು ಕೂತಿತ್ತು.

ಇಳಿಹೊತ್ತಿನಲ್ಲಿ ಆಟೋ ನನ್ನ ಅಂಗಡಿಯ ಮುಂದೆ ನಿಂತಿತು. ನಾನು ಖಾಲಿ ಬುಟ್ಟಿಗಳನ್ನು ತೊಳೆದು ಬೋರಲು ಹಾಕುತ್ತಿದ್ದೆ. ಅವರು ಇಳಿದು ಬಂದು, ಒಂದು ಬುಟ್ಟಿ ಎತ್ತಿ, ಅದನ್ನು ಸುತ್ತ ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟರು.

"ಅಂಬುಜಮ್ಮ, ಒಂದು ಮಾತು ಕೇಳ್ಬೇಕಿತ್ತು. ಬೇರೆ ದಿನ ಕೇಳಿ ನೀವು ಬೇಡ ಅಂದ್ರೆ, ಆ ದಿನ ವರ್ಷವರ್ಷವೂ ತಿರುಗಿ ಬರುತ್ತೆ, ನಾನು ವರ್ಷವರ್ಷವೂ ನೆನಸ್ಕೋಬೇಕು. ಇದು ಲೆಕ್ಕದಲ್ಲೇ ಇಲ್ಲದ ದಿನ, ಇನ್ಯಾವತ್ತೂ ಬರಲ್ಲ. ಅದಕ್ಕೆ ಇವತ್ತು ಕೇಳ್ತಿದೀನಿ. ನನ್ನನ್ನ ಮದುವೆ ಆಗ್ತೀರಾ?"

ನಾನು ಯೋಚನೆ ಮಾಡಲೇ ಇಲ್ಲ. ಯೋಚಿಸಬೇಕಾದದ್ದನ್ನೆಲ್ಲ ಆ ಆಟೋ ನಿಧಾನವಾದಾಗಲೆಲ್ಲ ಯೋಚಿಸಿಯಾಗಿತ್ತು. "ಹೂಂ" ಎಂದೆ.

"ಹೂಂ ಅಂದ್ರಾ?"

"ಹೂಂ."

ಅವರು ಗಟ್ಟಿಯಾಗಿ ನಕ್ಕು, ಆಟೋ ಹತ್ತಿ, ಮನೆಯ ಕಡೆ ಹೋಗುವ ಬದಲು ಸೀದಾ ಕೆರೆಯ ಕಡೆಗೆ ಓಡಿಸಿಕೊಂಡು ಹೋದರು. ನಾನು ತೊಳೆದ ಬುಟ್ಟಿಗಳನ್ನೇ ಇನ್ನೊಮ್ಮೆ ತೊಳೆದೆ.

ಮಾರನೇ ದಿನ ಬೆಳಿಗ್ಗೆ ಅವರು ಬಸ್ ನಿಲ್ದಾಣದ ಹೋಟೆಲಿಗೆ ಹೋಗಿ, ಸಂತೋಷ ತಡೆಯಲಾರದೆ, ಕೂತವರಿಗೆಲ್ಲ ಟೀ ಹೇಳಿ ವಿಷಯ ತಿಳಿಸಿದ್ದಾರೆ. ಹೋಟೆಲಿನಲ್ಲಿ ಕೂತ ಜನಕ್ಕೆ ಕೆಲಸವೇನು? ಒಬ್ಬ ಕೇಳಿದನಂತೆ, "ಯಾವತ್ತು ಹೂಂ ಅಂದ್ರು?" ಇವರು ನಿನ್ನೆ ಎಂದಿದ್ದಾರೆ. "ಅಯ್ಯೋ ಪುಣ್ಯಾತ್ಮ, ಅವರು ಹೂವಿನ ಪೇಟೆಯೋರಲ್ವಾ? ಅವರ ಲೆಕ್ಕದಲ್ಲಿ ನಿನ್ನೆ ಕಿವಿಹೂ ಹಬ್ಬ. ಕಟ್ಟೆ ಮೇಲೆ ಕೂತು ಕೈ ಎತ್ತಿದಾರೆ, ನಾನೇ ಕಣ್ಣಾರೆ ಕಂಡಿದೀನಿ. ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ." ಇವರು ಕಿವಿ ಮುಟ್ಟಿಕೊಂಡು "ಹೂವು ಮೂಡಲಿಲ್ಲವಲ್ಲ" ಎಂದರೆ, "ಹೆಂಗೆ ಮೂಡುತ್ತೆ? ಪಂಚಾಂಗ ಬದಲಾಗಿದೆ, ಹೂವು ಮುಂದಕ್ಕೆ ಹೋಗಿದೆ" ಎಂದರಂತೆ. ಹೀಗೆ ಹೂವು ಮೂಡದೆ ಇದ್ದದ್ದರಿಂದ ಏನೂ ಗೊತ್ತಾಗುವ ಹಾಗಿರಲಿಲ್ಲ. ನಾನು ನಿಜ ಹೇಳಿದ್ದರಿಂದ ಮೂಡಲಿಲ್ಲವೋ, ಹಬ್ಬವೇ ಅಲ್ಲದ್ದರಿಂದ ಮೂಡಲಿಲ್ಲವೋ ಯಾರು ಹೇಳಬೇಕು?

ಎಲ್ಲರ ಮಾತನ್ನೂ ನಂಬುವ ಮನುಷ್ಯ ಆ ಹೋಟೆಲಿನವರ ಮಾತನ್ನೂ ನಂಬಿದರು. ಆದರೂ ನನ್ನನ್ನೇ ಕೇಳಬೇಕೆಂದು ಬಂದರು. ಬಂದದ್ದು ಕೆಟ್ಟ ಹೊತ್ತಿಗೆ. ಅಂಗಡಿಯ ಮುಂದೆ ಗಿರಾಕಿಗಳು, ಒಳಗೆ ತಾಯಮ್ಮತ್ತೆ, ಅತ್ತೆಯ ಸುತ್ತ ಪೇಟೆಯ ನಾಲ್ಕಾರು ಹೆಂಗಸರು, ಅವರ ನಡುವೆ ಅದೇ ಚರ್ಚೆ.

"ಅಂಬುಜಮ್ಮ, ನಿನ್ನೆ ನೀವು ಹೇಳಿದ್ದು ಹಳೇ ಲೆಕ್ಕದಲ್ಲೋ, ಹೊಸ ಲೆಕ್ಕದಲ್ಲೋ?"

ಹಳೇ ಲೆಕ್ಕ ಎಂದರೆ ನನ್ನ ಮಾತು ತಮಾಷೆಯಾಗುತ್ತದೆ. ಹೊಸ ಲೆಕ್ಕ ಎಂದರೆ ಅತ್ತೆಯೆದುರು, ಪೇಟೆಯವರ ಎದುರು, ತಿಮ್ಮವ್ವ ಸುಳ್ಳಾಗುತ್ತಾಳೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನನಗೆ ರೇಗಿತು. ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವರ ಮಾತು ತೂಕ, ನನ್ನ ಹೂಂ ಹಗುರವೇ?

"ಹೇಳಿದ್ದು ಹೇಳಾಯ್ತು. ಲೆಕ್ಕ ಬೇಕಾದ್ರೆ ನೀವೇ ಹಾಕ್ಕೊಳ್ಳಿ" ಎಂದೆ.

ಅವರು ಒಂದು ಮೊಳ ಮಲ್ಲಿಗೆ ಕೊಡಿ ಎಂದು ಕೇಳಿ, ಕೊಂಡು, ಅದನ್ನು ಏನು ಮಾಡಬೇಕೆಂದು ತೋಚದೆ ಆಟೋದ ಕನ್ನಡಿಗೆ ಸುತ್ತಿ ಹೊರಟುಹೋದರು.

ಬಿಟ್ಟಿ ದಿನಗಳು ಊರಿಗೆಲ್ಲ ಖುಷಿಯ ದಿನಗಳು. ತಾರೀಖಿಲ್ಲದ ಮೇಲೆ ಗಡುವೂ ಇಲ್ಲ. ದರ್ಜಿಗಳು ರವಿಕೆ ಕೇಳಲು ಬಂದವರಿಗೆ "ನಾಳೆ ಅಂತ ಒಂದು ದಿನ ಬರಲಿ ತಾಯಿ, ಕೊಡ್ತೀನಿ" ಎನ್ನುತ್ತಿದ್ದರು. ಸೋಮವಾರ ಉಪವಾಸ ಮಾಡುವವರು ಸೋಮವಾರ ಎಲ್ಲಿದೆ ಎಂದು ಹೊಟ್ಟೆ ತುಂಬ ಉಂಡರು. ಆ ದಿನಗಳಲ್ಲಿ ಹುಟ್ಟಿದ ಕೂಸುಗಳಿಗೆ ಹುಟ್ಟುಹಬ್ಬವೇ ಇಲ್ಲವಲ್ಲ ಎಂದು ಕೆಲವು ಬಾಣಂತಿಯರು ರಾಯರ ಮನೆಗೆ ಹೋಗಿ ಜಗಳ ಮಾಡಿದಾಗ, ಅವರು ಹೆದರಿ, ಆ ಮಕ್ಕಳು ಬೇಕಾದ ದಿನ ಆರಿಸಿಕೊಳ್ಳಬಹುದು ಎಂದು ಬರೆದುಕೊಟ್ಟರು. ನನಗೊಬ್ಬಳಿಗೇ ಆ ದಿನಗಳು ಉದ್ದವಾಗಿದ್ದವು. ಮೈಕು ಈಗಲೂ ನಮ್ಮ ಬೀದಿಗೆ ಬರುತ್ತಿತ್ತು, ಆದರೆ ನನ್ನ ಅಂಗಡಿಯ ಮುಂದೆ ಬಂದಾಗ ಆಟೋ ಜೋರಾಗಿ ಓಡುತ್ತಿತ್ತು. ನೀರು ಬಿಡುವುದು ಬೆಳಿಗ್ಗೆಯೋ ಸಂಜೆಯೋ ಕೇಳಿಸುತ್ತಲೇ ಇರಲಿಲ್ಲ. ಕೊಡ ಹಿಡಿದು ಬಳೆ ಅಂಗಡಿಯವರನ್ನು ಕೇಳಿಕೊಂಡು ಬರಬೇಕಾಯಿತು. ಅವರು ಈಗ ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೆ. ತಾಯಮ್ಮತ್ತೆ ಎದುರಿಗೆ ಬಂದು ಕೂತರು.

"ನಮ್ಮ ತಿಮ್ಮವ್ವನ ಕಥೆಗೆ ನೀನ್ಯಾಕೆ ಅನ್ನ ಬಿಡ್ತೀಯೇ?"

"ನಾನೇನು ಬಿಟ್ಟಿಲ್ಲ ಅತ್ತೆ."

"ನೋಡು, ನಮ್ಮಮ್ಮ ಈ ಕಥೆ ಹೇಳುವಾಗ ಅದರಲ್ಲಿ ಸುಂಕದೋನೇ ಇರ್ಲಿಲ್ಲ. ತಿಮ್ಮವ್ವ ತನ್ನ ಗಂಡನ ಕಿವಿಗೇ ಹೂವಿಟ್ಟಿದ್ಲು, ಅವನು ಯಾಕೆ ಎಲ್ರೂ ನಗ್ತಾರೆ ಅಂತ ತಿಳೀದೆ ಸಂತೆಯೆಲ್ಲ ಸುತ್ತಿ ಬಂದ, ಅಷ್ಟೇ. ನಮ್ಮಜ್ಜಿ ಹೇಳುವಾಗ ಇನ್ನೇನೋ ಇತ್ತಂತೆ. ಸುಂಕದೋನು, ದೊರೆ, ಬಡ್ತಿ ಎಲ್ಲ ನಾನೇ ಸೇರಿಸಿದ್ದು. ಸಭೆಯಲ್ಲಿ ಹೇಳೋಕೆ ಸ್ವಲ್ಪ ಗತ್ತಾಗಿರ್ಲಿ ಅಂತ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅತ್ತೆಗೆ ಸ್ವಲ್ಪವೂ ನಾಚಿಕೆಯಿರಲಿಲ್ಲ.

"ರಾಯರ ಗುದ್ದಲಿಗಳೂ ಹಂಗೇ ಬಂದಿರ್ತವೆ ಬಿಡು. ಅವರು ಅವರ ಕಥೆ ಹೇಳ್ಕೊಳ್ಳಿ, ನಾನು ನನ್ನದು ಹೇಳ್ತೀನಿ, ಸಾಯೋತನ್ಕ ಬಿಡಲ್ಲ. ಆದ್ರೆ ನೀನು ಹೂಂ ಅಂದಿದ್ದು ಕಥೆಯಲ್ಲವಲ್ಲ. ಹೋಗಿ ಅದನ್ನ ಹೇಳು."

"ಹೇಳಿದ್ರೆ ಅವರು ನಂಬಬೇಕಲ್ಲ?"

"ಅವನು? ಕೋತಿ ಆಟೋ ಓಡಿಸ್ತು ಅಂದ್ರೆ ನಂಬ್ದೋನು!" ಎಂದು ಅತ್ತೆ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಬ್ಬದ ದಿನ ಸುಳ್ಳನ್ನು ನಂಬಿದರೆ ಹೂವು ಮೂಡುತ್ತದೆ, ಸರಿ. ನಿಜವನ್ನು ನಂಬಿದರೆ? ಕಿವಿ ಖಾಲಿ ಇರುತ್ತದೆ. ಅಂದರೆ ವರ್ಷಕ್ಕೊಂದೇ ದಿನ, ಆಡಿದ ಮಾತು ನಿಜವೋ ಸುಳ್ಳೋ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಇದನ್ನು ಯಾರೂ ಉಪಯೋಗಿಸಿಕೊಂಡಿರಲಿಲ್ಲ, ಯಾಕೆಂದರೆ ಆ ದಿನ ಮೈಮರೆತಾಗ ಬಿಟ್ಟರೆ ಯಾರೂ ಯಾರನ್ನೂ ನಂಬುವುದೇ ಇಲ್ಲ. ನಂಬುವವರು ಒಬ್ಬರೇ ಇದ್ದರು. ಹೊಸ ಲೆಕ್ಕದ ಹಬ್ಬದ ದಿನ ಹೋಗಿ ಅವರಿಗೆ ಇನ್ನೊಮ್ಮೆ ಹೂಂ ಎನ್ನುವುದು, ಅವರು ನಂಬುವುದು, ಕಿವಿ ಮುಟ್ಟಿ ನೋಡಿಕೊಳ್ಳುವುದು. ಅಷ್ಟೇ ತಾನೇ?

ಹೊಂಗೆ ಮರಗಳು ಹೂ ಬಿಟ್ಟು ಬೀದಿಯೆಲ್ಲ ಬಿಳಿ ನೇರಳೆ ಬಣ್ಣವಾದ ಬೆಳಿಗ್ಗೆ ಹೊಸ ವರ್ಷ ಬಂತು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟೆ. ಚೌಕದಲ್ಲಿ ವೆಂಕೋಬರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತು, ಬಂದವರ ಹೋದವರ ಕಿವಿಗಳನ್ನು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಒಂದು ಕಿವಿಯಲ್ಲೂ ಹೂವಿರಲಿಲ್ಲ. ಮೊದಲ ಬಿಟ್ಟಿ ದಿನದ ಕಥೆಯೇ ಇವತ್ತೂ, ಎಲ್ಲರೂ ಎಚ್ಚರದಲ್ಲಿದ್ದರು. ಪಾಪ, ರಾಯರ ಮುಖ ಬಾಡಿತ್ತು. "ಅಂಬುಜಾಕ್ಷಿ, ನಿನ್ನ ಅಂಗಡಿ ಬೀಗ ಒಡೆದಿದೆಯಂತಲ್ಲಮ್ಮ" ಎಂದು ನನ್ನ ಮೇಲೂ ಒಂದು ಪ್ರಯೋಗ ಮಾಡಿದರು. "ಒಡೀಲಿ ಬಿಡಿ ಸಾರ್" ಎಂದು ನಾನು ಮುಂದೆ ನಡೆದೆ.

ಓಂಕಾರಪ್ಪ ಬಸ್ ನಿಲ್ದಾಣದ ಹಿಂದಿನ ತಮ್ಮ ಶೆಡ್ಡಿನಲ್ಲಿ ಧ್ವನಿವರ್ಧಕದ ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನನ್ನನ್ನು ಕಂಡು ಎದ್ದರು. ಅವರ ಕಿವಿಯೂ ಖಾಲಿ, ಬೆಳಿಗ್ಗೆಯಿಂದ ಶೆಡ್ಡು ಬಿಟ್ಟು ಹೊರಗೇ ಬಂದಿರಲಿಲ್ಲವಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಬಂದಿದ್ದು ಒಳ್ಳೇದಾಯ್ತು ಅಂಬುಜಮ್ಮ. ನಾನೇ ಬರೋನಿದ್ದೆ. ನಮ್ಮಕ್ಕ ಒಂದು ಹೆಣ್ಣು ನೋಡಿದಾಳೆ. ಹೊಳೆಯಾಚೆ ಊರಿನೋರು, ಒಳ್ಳೆ ಜನ. ನಾನು ಆಗ್ಲಿ ಅಂದೆ."

ಅವರು ಬಟ್ಟೆಯನ್ನೇ ನೋಡುತ್ತಾ ಹೇಳುತ್ತಿದ್ದರು. ಅವರ ದನಿಯಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ನನಗೆ ತಿಳಿದ ಮಟ್ಟಿಗೆ ಆ ಮನುಷ್ಯ ಹುಟ್ಟಿದಾಗಿನಿಂದ ಒಬ್ಬರಿಗೂ ಒಂದು ಸುಳ್ಳು ಹೇಳಿದವರಲ್ಲ. ಅವತ್ತು ಹಬ್ಬವೆಂಬುದೇ ನನಗೆ ಮರೆತುಹೋಯಿತು. ಅಳಬಾರದು ಎಂದುಕೊಂಡೆ. ಅಳದೆ ಇರಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ವ್ಯಾಪಾರ.

"ಸಂತೋಷ" ಎಂದೆ. "ಮದುವೆಗೆ ಹೂವು ನನ್ನ ಹತ್ರವೇ ತಗೊಳ್ಳಿ. ಹೆಣ್ಣಿಗೆ ಮೊಗ್ಗಿನ ಜಡೆ ಕಟ್ಟಿಸ್ತೀರಾ? ಈಗ್ಲೇ ಹೇಳಿದ್ರೆ ತೋಟದೋರಿಗೆ ತಿಳಿಸ್ತೀನಿ."

ಅವರು ತಲೆ ಎತ್ತಿದರು. ನನ್ನ ಮುಖವನ್ನಲ್ಲ, ಮುಖದ ಪಕ್ಕವನ್ನು ನೋಡಿದರು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ಆಗ ನನಗೆ ಪರಿಮಳ ಬಂತು. ಕೆಂಡಸಂಪಿಗೆ. ಜೀವಮಾನವೆಲ್ಲ ಹೂವಿನ ನಡುವೆ ಕೂತವಳಿಗೆ ಗುರುತು ತಪ್ಪುತ್ತದೆಯೇ? ಬುಟ್ಟಿಯಲ್ಲಿ ಸಂಪಿಗೆ ಇರಬೇಕು ಎಂದುಕೊಂಡು ನೋಡಿದರೆ ನನ್ನ ಕೈಯಲ್ಲಿ ಬುಟ್ಟಿಯೇ ಇರಲಿಲ್ಲ. ಬಲಗಿವಿಯ ಮೇಲೆ ತಣ್ಣಗೆ, ಭಾರವಾಗಿ ಏನೋ ಕೂತಿತ್ತು. ಮುಟ್ಟಿದೆ. ಎಳೆದೆ. ಬರಲಿಲ್ಲ.

"ಮೂಡ್ತು!" ಎಂದು ಓಂಕಾರಪ್ಪ ಕುಣಿದೇಬಿಟ್ಟರು. "ಅಂಬುಜಮ್ಮ, ಮೂಡ್ತು! ನೀವು ನಂಬಿದ್ರಿ! ಹೆಣ್ಣೂ ಇಲ್ಲ, ಹೊಳೆಯಾಚೆ ಊರೂ ಇಲ್ಲ. ನೀವಿವತ್ತು ಬರದಿದ್ರೆ ಅಂಗಡಿಗೇ ಬಂದು ಹೇಳೋಣ ಅಂತ ಇದೊಂದು ಸುಳ್ಳನ್ನ ಎಷ್ಟು ದಿನದಿಂದ ಬಾಯಿಪಾಠ ಮಾಡ್ತಿದೀನಿ ಗೊತ್ತಾ? ನಂಗೆ ಬೇರೆ ಮದುವೆ ಅಂದ್ರೆ ನಿಮಗೆ ಏನಾದ್ರೂ ಅನ್ಸುತ್ತೋ ಇಲ್ವೋ ನೋಡ್ಬೇಕಿತ್ತು. ಸೇವಂತಿಗೆನಾದ್ರೂ ಮೂಡ್ಲಿ ಅಂದ್ಕೊಂಡಿದ್ದೆ, ಸಂಪಿಗೆ ಮೂಡಿದೆಯಲ್ರೀ!"

ನನಗೆ ಸಿಟ್ಟು ಬಂತು, ನಗು ಬಂತು, ಅಷ್ಟು ಹೊತ್ತು ತಡೆದಿಟ್ಟಿದ್ದ ಅಳುವೂ ಅದೇ ಹೊತ್ತಿಗೆ ಬಂತು. ಬಿದ್ದಿದ್ದ ಬಟ್ಟೆಯನ್ನೇ ಎತ್ತಿ ಅವರ ಮೇಲೆ ಎಸೆದೆ. "ನಾಚಿಕೆ ಆಗಲ್ವಾ ನಿಮಗೆ? ಮೊಗ್ಗಿನ ಜಡೆ ಕಟ್ತೀನಿ ಅಂದ್ನಲ್ರೀ ನಾನು!"

"ಕಟ್ಟಿ. ನಿಮ್ಮ ತಲೆಗೇ ಕಟ್ಕೊಳ್ಳಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. "ಸರಿ, ಈಗ ನನ್ನ ಮಾತು ಕೇಳಿ. ಅವತ್ತು ಹೂಂ ಅಂದಿದ್ದು ನಿಜ. ಇವತ್ತೂ ಹೂಂ ಅಂತಿದೀನಿ. ನಂಬ್ತೀರಾ?"

"ನಂಬ್ತೀನಿ."

ನಂಬಿದರೆಂದು ಅವರ ಮುಖವೇ ಹೇಳುತ್ತಿತ್ತು. ಅವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಒಂದು ಕಿವಿ ತೋರಿಸಿದರು, ಆಮೇಲೆ ಇನ್ನೊಂದು. ನಾನು ಹತ್ತಿರ ಹೋಗಿ ನೋಡಿದೆ. ಎಷ್ಟೋ ವರ್ಷಗಳಿಂದ ಹಬ್ಬದ ದಿನ ಖಾಲಿಯಿರದಿದ್ದ ಆ ಕಿವಿಗಳಲ್ಲಿ ಏನೂ ಇರಲಿಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಹಾಗೇ ಕಾದೆವು, ತಡವಾಗಿ ಮೂಡಿಬಿಟ್ಟರೆ ಎಂದು. ಮೂಡಲಿಲ್ಲ.

ಚೌಕಕ್ಕೆ ಬರುವಷ್ಟರಲ್ಲಿ ಸಂಪಿಗೆಯ ವಾಸನೆ ನಮಗಿಂತ ಮುಂದೆ ಹೋಗಿತ್ತು. ವೆಂಕೋಬರಾಯರು ನನ್ನ ಕಿವಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಸಿಕ್ಕಿತು! ಹಬ್ಬ ಪಂಚಾಂಗದ್ದೇ!" ಎಂದು ಕೂಗಿದರು. ಅಷ್ಟರಲ್ಲಿ ಯಾರೋ ಹೋಗಿ ಕರೆತಂದಿದ್ದ ತಾಯಮ್ಮತ್ತೆ ಜನರನ್ನು ಸರಿಸಿಕೊಂಡು ಬಂದರು. "ಏನು ಪಂಚಾಂಗದ್ದು? ಯಾರ ಕಿವಿ ಅದು, ಸರಿಯಾಗಿ ನೋಡಿ ಮೇಷ್ಟ್ರೇ. ಇಷ್ಟು ಕಿವಿ ಬಿಟ್ಟು ಮೊದಲ ಹೂವು ತಿಮ್ಮವ್ವನ ವಂಶದ ಕಿವಿಗೇ ಯಾಕೆ ಬಂತು ಹೇಳಿ" ಎಂದರು. ಇಬ್ಬರೂ ಅಲ್ಲೇ ಮರದ ಕೆಳಗೆ ಕೂತು ವಾದಕ್ಕಿಳಿದರು. ಆ ವಾದ ಇವತ್ತಿಗೂ ಮುಗಿದಿಲ್ಲ. ಈಚೆಗೆ ಅತ್ತೆಯ ಕಥೆಯಲ್ಲಿ ಒಂದು ಆನೆ ಬಂದು ಸೇರಿಕೊಂಡಿದೆ.

ಓಂಕಾರಪ್ಪ ಮಾತ್ರ ಆಟೋ ತಂದು, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮೈಕು ಕೈಗೆತ್ತಿಕೊಂಡರು. ಬೇಡ, ಇವತ್ತು ಹೇಳಿದರೆ ಯಾರೂ ನಂಬುವುದಿಲ್ಲ, ನಾಳೆ ಹೇಳಿ ಎಂದೆ. ಅವರು ಕೇಳಲಿಲ್ಲ.

"ನಾಗರಿಕರ ಗಮನಕ್ಕೆ. ಹೂವಿನ ಪೇಟೆಯ ಅಂಬುಜಾಕ್ಷಿ ಹಾಗೂ ನಿಮ್ಮ ಓಂಕಾರಪ್ಪ ಇಬ್ಬರೂ ಮದುವೆಯಾಗಲಿದ್ದಾರೆ. ಎಲ್ಲರೂ ಬರತಕ್ಕದ್ದು."

ಆಟೋ ನಿಧಾನವಾಗಿ ಚೌಕ ಸುತ್ತಿತು. ಬಳೆ ಅಂಗಡಿಯವರು, ಹೋಟೆಲಿನವರು, ಕೋಟೆಬೀದಿಯ ಜಗಲಿಗಳ ಮೇಲೆ ನಿಂತ ಹೆಂಗಸರು, ಮರದ ಕೆಳಗೆ ಬೆರಳೆತ್ತಿ ಮಾತಾಡುತ್ತಿದ್ದ ರಾಯರು, ಎಲೆಗೆ ಸುಣ್ಣ ಹಚ್ಚುತ್ತಿದ್ದ ತಾಯಮ್ಮತ್ತೆ, ಎಲ್ಲರೂ ಮೈಕಿನ ಕಡೆ ತಿರುಗಿದರು. ಆಮೇಲೆ ಒಬ್ಬೊಬ್ಬರಾಗಿ, ಬೇರೆ ಯಾರೂ ನೋಡುತ್ತಿಲ್ಲವೆಂದುಕೊಂಡು, ಮೆಲ್ಲಗೆ ಕೈ ಎತ್ತಿ ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಯಾರ ಕಿವಿಯಲ್ಲೂ ಏನೂ ಇರಲಿಲ್ಲ.